ಬಾಳೇಶನ ಎಡಗೈ

ಬೆಳಗಿನ ಪಾಳಿಯ ಗಂಟೆ ಬಾರಿಸಿದ ಕೂಡಲೇ ಎರಕದ ಕಾರ್ಖಾನೆಯ ಅಂಗಳದಲ್ಲಿ ಬಾಳೇಶ ಕೌಜಲಗಿ ಮತ್ತೊಮ್ಮೆ ಸಾಯುತ್ತಿದ್ದ.

ಗೇಟಿನ ಒಳಗಿನ ಕಟ್ಟೆಯ ಮೇಲೆ ಬೆಳಕಿನಲ್ಲಿ ಮೂಡುವ ಆಕೃತಿ ಅದು. ಪರದೆಯ ಮೇಲಿನ ಚಿತ್ರವಲ್ಲ, ಸುತ್ತಲೂ ನಡೆದು ನೋಡಬಹುದಾದ ಆಳೆತ್ತರದ ಮನುಷ್ಯ. ನೀಲಿ ಅಂಗಿಯ ಆ ಬಾಳೇಶ ಮರಳು ಕಲಸುವ ಯಂತ್ರದ ಮುಂದೆ ನಿಲ್ಲುತ್ತಿದ್ದ. ಬಲಗೈಗೆ ದಪ್ಪ ಕೊಳವೆ ಅಡ್ಡ ಬರುವುದರಿಂದ ಎಡಗೈ ಎತ್ತಿ, ತಲೆಗಿಂತ ಮೇಲಿದ್ದ ಸುರಕ್ಷತಾ ಸ್ವಿಚ್ಚಿಗೆ ತಂತಿ ಸುತ್ತುತ್ತಿದ್ದ. ಮುಚ್ಚಳ ತೆರೆದಾಗ ಯಂತ್ರ ತಿರುಗದಂತೆ ತಡೆಯುವುದೇ ಆ ಸ್ವಿಚ್ಚಿನ ಕೆಲಸ. ತಂತಿ ಸುತ್ತಿದರೆ ಮುಚ್ಚಳ ತೆರೆದಿದ್ದರೂ ಯಂತ್ರ ತಿರುಗುತ್ತದೆ, ಕೆಲಸ ನಿಲ್ಲುವುದಿಲ್ಲ. ಬಾಳೇಶ ಅಂಟಿದ ಮರಳು ಕೆರೆಯಲು ಒಳಗೆ ಬಗ್ಗುತ್ತಿದ್ದ, ಅಲಗುಗಳು ತಿರುಗುತ್ತಿದ್ದವು, ಬೆಳಕು ಆರುತ್ತಿತ್ತು. ಆಮೇಲೆ ಒಂದು ನಯವಾದ ದನಿ: 'ನಿಮ್ಮ ಜೀವ ನಿಮ್ಮ ಕೈಯಲ್ಲೇ ಇದೆ. ಇವರಂತೆ ಮಾಡಬೇಡಿ.'

ಗೇಟಿನ ಹೊರಗೆ ಸರಳು ಹಿಡಿದು ನಿಂತಿದ್ದ ನೀಲಾಂಬಿಕಾಳಿಗೆ ಆ ದನಿಯ ಕತ್ತು ಹಿಸುಕಬೇಕೆನಿಸಿತು. ಬಾಳೇಶ ಅವಳ ಅಣ್ಣ. ಬೆಳಗಾವಿಯ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಅವಳು, ಮಕ್ಕಳ ಮೇಲೂ ದನಿ ಏರಿಸಿದವಳಲ್ಲ. ಈಗ ಮಾತ್ರ ಕಾವಲುಗಾರನಿಗೆ ಕೇಳುವಂತೆ ಕೂಗಿದಳು: "ನಮ್ಮಣ್ಣ ಸತ್ತಿದ್ದು ಒಂದ ಸಲ! ದಿನಾ ಯಾಕ ಕೊಲ್ಲಾಕತ್ತೀರಿ ಅವನ್ನ?"

ಕಾವಲುಗಾರ ಮುಖ ತಿರುಗಿಸಿಕೊಂಡ. ಪಾಳಿಯ ಆಳುಗಳು ತಲೆ ತಗ್ಗಿಸಿ ಒಳಗೆ ಹೋದರು.

ಈ ಆಟವನ್ನು ಕಟ್ಟಿದ್ದು 'ಮರುಗಣ್ಣು' ಎಂಬ ಯಂತ್ರ. ಅಪಘಾತವೋ ಹೊಡೆದಾಟವೋ, ಸಾಕ್ಷಿಗಳ ಮಾತು, ಯಂತ್ರಗಳು ದಾಖಲಿಸಿದ ಅಂಕಿ, ಒಂದೆರಡು ಫೋಟೊ ಕೊಟ್ಟರೆ ಸಾಕು. ನಡೆದುಹೋದದ್ದನ್ನು ಮೂರು ಆಯಾಮದಲ್ಲಿ ಕಟ್ಟಿ, ಜೀವ ತುಂಬಿ, ಕಣ್ಣ ಮುಂದೆ ನಿಲ್ಲಿಸುತ್ತಿತ್ತು. ನ್ಯಾಯಮಂಡಳಿಗಳು ಅದನ್ನು ಒಪ್ಪಿ ಹತ್ತು ವರ್ಷ ದಾಟಿದ್ದವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿಂದಿನವರು ಹೇಳಿದ್ದರು. ಪ್ರತ್ಯಕ್ಷವೇ ಕಟ್ಟೆಯ ಮೇಲೆ ಕುಣಿಯುವಾಗ ಪ್ರಮಾಣಿಸುವ ಗೋಜು ಯಾರಿಗೆ ಬೇಕು? ಬಾಳೇಶನ ವಿಚಾರಣೆ ಒಂದೇ ದಿನದಲ್ಲಿ ಮುಗಿದಿತ್ತು. ತಂತಿ ಕಟ್ಟಿದವನು ಅವನೇ, ಸಾವಿಗೆ ಅವನೇ ಹೊಣೆ.

ತೀರ್ಪಿನ ದಿನ ನೀಲಾಂಬಿಕಾ ಎದ್ದು ನಿಂತು ಒಂದೇ ಮಾತು ಹೇಳಿದ್ದಳು. ಅಣ್ಣ ಚಿಕ್ಕಂದಿನಲ್ಲಿ ಮಾಳಿಗೆಯಿಂದ ಬಿದ್ದಿದ್ದ, ನಾಟಿ ವೈದ್ಯರು ಕಟ್ಟಿದ ಭುಜ ಅಡ್ಡಾದಿಡ್ಡಿ ಕೂಡಿತ್ತು, ಎಡಗೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಲೇ ಇರಲಿಲ್ಲ. ಅಂಗಿ ತೊಡುವಾಗ ಎಡತೋಳನ್ನು ಮೊದಲು ತೂರಿಸಿಕೊಳ್ಳುತ್ತಿದ್ದ. ತಡವಾದರೆ ಅವ್ವ ಹಿಂದಿನಿಂದ ಎಳೆದು ಸರಿಮಾಡುತ್ತಿದ್ದಳು. ಇದಕ್ಕೆ ಆಸ್ಪತ್ರೆಯ ದಾಖಲೆ ಎಲ್ಲಿಂದ ತರುವುದು? ಒಡಹುಟ್ಟಿದವರ ಬರಿಯ ಮಾತನ್ನು ಪರಿಗಣಿಸಲಾಗದು ಎಂದರು ಮಂಡಳಿಯವರು. ಮರುಗಣ್ಣಿನ ದೃಶ್ಯವನ್ನು ಪ್ರಶ್ನಿಸಬೇಕಾದರೆ ಅಷ್ಟೇ ಪೂರ್ಣವಾದ ಇನ್ನೊಂದು ಚಲಿಸುವ ದೃಶ್ಯವನ್ನು ತರಬೇಕು. ನಿಯಮವೇ ಹಾಗಿತ್ತು.

ಅವಳು ನೇರವಾಗಿ ಧಾರವಾಡಕ್ಕೆ ಹೋಗಿ, ಯಂತ್ರವನ್ನು ಕಂಡುಹಿಡಿದ ಡಾ. ಮಂದಾಕಿನಿ ತುರಮರಿಯ ಬಾಗಿಲು ಬಡಿದಳು.

"ನಿಮ್ಮ ಮಷಿನ್ ಸುಳ್ಳು ಹೇಳೈತಿ ಮೇಡಂ."

"ಸುಳ್ಳು ಹೇಳಾಕ ಅದಕ್ಕ ಮನಸಾದರೂ ಎಲ್ಲೈತ್ರಿ?" ಮಂದಾಕಿನಿ ಕುರ್ಚಿ ತೋರಿಸಿದರು. "ಗೊತ್ತಿದ್ದದ್ದನ್ನ ಇಟ್ಟು, ಗೊತ್ತಿಲ್ಲದ್ದನ್ನ ತುಂಬತೈತಿ. ನಿಮ್ಮ ಅಣ್ಣನ ಎತ್ತರ, ತೂಕ, ಮುಖ ಗೊತ್ತಿತ್ತು. ಭುಜ ಹೆಂಗಿತ್ತೋ ಯಾರೂ ಹೇಳಲಿಲ್ಲ. ಲಕ್ಷಗಟ್ಟಲೆ ಜನರ ಭುಜದ ಸರಾಸರಿ ತಗೊಂಡು ಹಚ್ಚಿತು. ಸಾವಿರಕ್ಕ ಒಬ್ಬರದು ತಪ್ಪಬಹುದು."

"ಆ ಸಾವಿರದಾಗ ಒಬ್ಬಾಂವ ನಮ್ಮ ಮನ್ಯಾಗಿದ್ದ." ನೀಲಾಂಬಿಕಾ ಕೂರಲಿಲ್ಲ. "ಅವನ ಮುಖಾ ಹಚ್ಚಿ ಕಂಡವರ ಕೈ ಜೋಡಿಸೀರಿ. ಇದಕ್ಕ ವಿಜ್ಞಾನ ಅಂತೀರೇನು?"

ಮಂದಾಕಿನಿಗೂ ಸಿಟ್ಟು ಬಂತು. ಈ ಯಂತ್ರ ಬರುವ ಮೊದಲು ಕಂಪನಿಗಳು ದುಡ್ಡು ಚೆಲ್ಲಿ ಸಾಕ್ಷಿಗಳನ್ನೇ ಕೊಳ್ಳುತ್ತಿದ್ದರು, ಅದು ನಿಂತದ್ದು ಮರುಗಣ್ಣಿನಿಂದ ಎಂದರು. ಅದೂ ನಿಜವೇ. ಆದರೆ ಬಾಗಿಲವರೆಗೆ ಬಂದವರು ತಡೆದು ಹೇಳಿದರು: "ಕಂಪ್ಯೂಟರಿನ್ಯಾಗ ಕೈಯಿಂದ ಮಾಡೆಲ್ ಕಟ್ಟೂದು ಕಲೀರಿ. ಈಗ ಯಾರೂ ಕಟ್ಟೂದಿಲ್ಲ. ಶಹಾಪುರದಾಗ ಪಾರೀಸ ಉಪಾಧ್ಯೆ ಅಂತ ಒಬ್ಬರು ಇನ್ನೂ ಕಲಿಸ್ತಾರ."

ಪಾರೀಸ ಉಪಾಧ್ಯೆ ಒಂದು ಕಾಲದಲ್ಲಿ ಮಕ್ಕಳ ಅನಿಮೇಶನ್ ಚಿತ್ರಗಳಿಗೆ ಆನೆ, ಅಜ್ಜಿ, ರಾಕ್ಷಸರನ್ನು ಕಟ್ಟಿದವರು. ಯಂತ್ರಗಳು ಆ ಕೆಲಸವನ್ನು ಕಸಿದುಕೊಂಡ ಮೇಲೆ, ಹವ್ಯಾಸಕ್ಕೆಂದು ಬರುವ ನಾಲ್ಕಾರು ಜನರಿಗೆ ಪಾಠ ಹೇಳಿಕೊಂಡಿದ್ದರು. ನೀಲಾಂಬಿಕಾ ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ಒರೆಸಿಕೊಂಡು, "ಮೊದಲ ಒಂದು ತಂಬಿಗಿ ಮಾಡು, ತಂಗಿ" ಎಂದರು.

"ತಂಬಿಗಿ? ಮಾಸ್ತರ್, ನಮ್ಮಣ್ಣ ದಿನಾ ಸಾಯಾಕತ್ತಾನ!"

"ಅದಕ್ಕ ಹೇಳೂದು. ಸಿಟ್ಟಿನ್ಯಾಗ ಕಟ್ಟಿದ ಕೈ ಎಲ್ಲೆರ ಹರೀತೈತಿ. ತಂಬಿಗಿ ಮಾಡು."

ಮಾಡಿದಳು. ಥಳಥಳ ಹೊಳೆಯುವ ತಂಬಿಗೆ. ಪಾರೀಸರು ಅದನ್ನು ಪರದೆಯಲ್ಲಿ ಬೋರಲು ಹಾಕಿದರು. ತಳವೇ ಇರಲಿಲ್ಲ, ಒಳಮೈಯೂ ಇರಲಿಲ್ಲ. "ನೀರು ಎಲ್ಲಿ ನಿಲ್ಲತೈತಿ?" ಎಂದು ಕೇಳಿ, ತಾವೇ ನಕ್ಕರು. ಅವಳಿಗೆ ನಗು ಬರಲಿಲ್ಲ, ಪರದೆಯನ್ನೇ ಒಡೆದುಹಾಕುವಷ್ಟು ರೇಗಿತು. ಬಡವನ ಸಿಟ್ಟು ದವಡೆಗೆ ಮೂಲ ಅಂತಾರಲ್ಲ, ಹಲ್ಲು ಕಚ್ಚಿಕೊಂಡು ಮತ್ತೆ ಕೂತಳು.

ಪಾರೀಸರ ಪಾಠದಲ್ಲಿ ಕಟ್ಟುವುದಕ್ಕಿಂತ ಮೊದಲಿನ ಕೆಲಸವೇ ದೊಡ್ಡದು. ಏನನ್ನು ಕಟ್ಟುತ್ತೀಯೋ ಅದರ ಮುಂಭಾಗ, ಪಕ್ಕ, ಹಿಂಭಾಗ ಮೂರನ್ನೂ ನೋಡು. ನೋಡದೆ ಇರುವುದನ್ನು ನೋಡಿಲ್ಲ ಎಂದು ಗುರುತು ಹಾಕಿ ಖಾಲಿ ಬಿಡು, ಊಹಿಸಿ ತುಂಬಬೇಡ. ಆಮೇಲೆ ಬರಿಯ ಡಬ್ಬಿ, ಕೊಳವೆಗಳಿಂದ ಒರಟು ಆಕಾರ ನಿಲ್ಲಿಸು. ಅದರ ಮೇಲೆ ಸಣ್ಣ ಸಣ್ಣ ಚೌಕಗಳ ಬಲೆ ಹೆಣೆ. ಅದೇ ಮೈಯ ಚರ್ಮ. ಕೀಲು ಬಾಗುವ ಕಡೆಗಳಲ್ಲಿ ಆ ಬಲೆಯ ಗೆರೆಗಳು ಬಳೆಗಳಂತೆ ಸುತ್ತಿ ಬರಬೇಕು, ಇಲ್ಲದಿದ್ದರೆ ಕೈ ಎತ್ತಿದಾಗ ಭುಜ ಕಾಗದದಂತೆ ಮುದುಡುತ್ತದೆ. ಕೊನೆಗೆ ಒಳಗೆ ಮೂಳೆಗಳನ್ನು ಇಟ್ಟು, ಯಾವ ಮೂಳೆ ಎಷ್ಟು ತಿರುಗಬಹುದು ಎಂದು ಹೇಳಬೇಕು.

ಬಾಳೇಶನ ಭುಜ ಎಷ್ಟು ತಿರುಗುತ್ತಿತ್ತು? ಮನೆಯ, ನೆಂಟರ, ಓಣಿಯವರ ಫೋನುಗಳನ್ನು ಜಾಲಾಡಿದಳು. ಗಣಪತಿ ಮೆರವಣಿಗೆಯಲ್ಲಿ ಎಲ್ಲರೂ ಲೇಜಿಮ್ ಹಿಡಿದು ಎರಡೂ ಕೈ ತಲೆಯ ಮೇಲೆ ಎತ್ತಿ ಕುಣಿಯುತ್ತಿದ್ದರೆ, ಬಾಳೇಶ ಬಲಗೈಯಲ್ಲಿ ಧ್ವಜ ಬೀಸುತ್ತ ಮುಂದೆ ಇದ್ದ. ಎಡಗೈ ಎದೆಯ ಬಳಿ. ಗೆಳೆಯನ ಮದುವೆಯಲ್ಲಿ ಅಕ್ಷತೆ ಬಲಗೈಯಿಂದ. ಯಾರೋ ಅವನ ಹೆಗಲ ಮೇಲೆ ಕೂರಿಸಿದ ಮಗು ಜಾರಿದಾಗ ಎಡಗೈ ತಾನಾಗಿ ಏಳಲು ಹೋಗಿ, ಭುಜದ ಮಟ್ಟ ಮುಟ್ಟುವ ಮೊದಲೇ ನಿಂತುಬಿಟ್ಟಿತ್ತು. ಅವಳು ಕೋನ ಅಳೆದಳು. ಎಲ್ಲ ವಿಡಿಯೊಗಳಲ್ಲೂ ಕೈ ನಿಂತದ್ದು ಅದೇ ಕೋನದಲ್ಲಿ. ಆ ಮಗುವಿನ ವಿಡಿಯೊ ನೋಡುವಾಗ ಮಾತ್ರ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಅಣ್ಣನ ಆಕೃತಿ ಮುಗಿದ ಮೇಲೆ ಮರಳು ಕಲಸುವ ಯಂತ್ರ ಉಳಿಯಿತು. ಪಾರೀಸರು ಕೇಳಿದರು, "ಅದರ ಹಿಂದ ಏನೈತಿ?"

"ಮರುಗಣ್ಣಿನ ದೃಶ್ಯದಾಗ ಬಯಲು ಐತ್ರಿ."

"ಮರುಗಣ್ಣಿನ ದೃಶ್ಯ ಸುಡು. ನೀ ನೋಡೀಯೇನು?"

ನೋಡಿರಲಿಲ್ಲ. ಮಂಡಳಿಯ ಅನುಮತಿ ಹಿಡಿದುಕೊಂಡು ಕಾರ್ಖಾನೆಗೆ ಹೋದಳು. ಪಾಳಿಯ ಅಧಿಕಾರಿ ಅವಳನ್ನು ಯಂತ್ರದ ಮುಂದೆ ನಿಲ್ಲಿಸಿ, "ಇಲ್ಲಿಂದನ ನೋಡ್ರಿ, ಹಿಂದ ಹೊಲಸು ಐತಿ" ಎಂದ. ಅವನನ್ನು ಬದಿಗೆ ಸರಿಸಿ ನುಗ್ಗಿದಳು. ಹಿಂದೆ ಬಯಲು ಇರಲಿಲ್ಲ. ಮಸಿ ಹಿಡಿದ ಗೋಡೆ. ಯಂತ್ರಕ್ಕೂ ಅದಕ್ಕೂ ನಡುವೆ ಬೆಕ್ಕು ತೂರಲಿಕ್ಕೂ ಜಾಗವಿಲ್ಲ. ತಲೆ ಎತ್ತಿದರೆ ಸ್ವಿಚ್ಚಿನ ನೇರ ಮೇಲೆ ಕಬ್ಬಿಣದ ಅಟ್ಟ. ಅಲ್ಲಿ ಅಧಿಕಾರಿಗಳ ನಿಯಂತ್ರಣ ಫಲಕ, ಅದರ ಮೆಟ್ಟಿಲಿಗೆ ಅವರದೇ ಬೀಗ. ಅಟ್ಟದ ಮೇಲೆ ಮೊಣಕಾಲೂರಿದರೆ ಸ್ವಿಚ್ಚು ಕೈಗೆ ಸಲೀಸಾಗಿ ಸಿಗುತ್ತಿತ್ತು. ಎಲ್ಲವನ್ನೂ ಅಳೆದುಕೊಂಡು ಬಂದಳು.

ಮೇಲ್ಮನವಿಯ ದಿನ ಅವಳು ಕಟ್ಟಿದ ಬಾಳೇಶ ಮಂಡಳಿಯ ಸಭಾಂಗಣದಲ್ಲಿ ಎದ್ದು ನಿಂತ. ಮುಖ ಅಷ್ಟು ನುಣುಪಾಗಿರಲಿಲ್ಲ, ಕೂದಲು ಕಡ್ಡಿಗಳಂತಿದ್ದವು. ಆದರೆ ಅವನು ಎಡಗೈ ಎತ್ತಿದ್ದು ಕಂಡು, ಮೂಲೆಯಲ್ಲಿ ಕುಳಿತ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೈ ಎದೆಮಟ್ಟಕ್ಕೆ ಬಂದು ನಿಂತಿತು. ಸ್ವಿಚ್ಚು ಅದಕ್ಕೂ ಎಷ್ಟೋ ಮೇಲಿತ್ತು.

ಕಂಪನಿಯ ವಕೀಲರು ಎದ್ದರು. "ಈ ಭುಜವನ್ನು ಮರುಗಣ್ಣಿಗೇ ಕೊಟ್ಟು ನೋಡೋಣ."

ಮಂದಾಕಿನಿ ಸ್ವತಃ ಬಂದಿದ್ದರು, ಕೊಟ್ಟರು. ಮರುಗಣ್ಣು ಒಂದು ಗಳಿಗೆ ಯೋಚಿಸಿ ಹೊಸ ದೃಶ್ಯ ಕಟ್ಟಿತು. ಬಾಳೇಶ ಯಂತ್ರದ ಹಿಂದಕ್ಕೆ ನಡೆದು, ಬಲಗೈಯಿಂದ ತಂತಿ ಸುತ್ತಿದ.

"ನೋಡಿ, ಕೈ ಬದಲಾಯಿತು, ತಪ್ಪು ಬದಲಾಗಲಿಲ್ಲ" ಎಂದರು ವಕೀಲರು.

"ಅಲ್ಲಿ ಗೋಡಿ ಐತಿ," ಎಂದಳು ನೀಲಾಂಬಿಕಾ. "ಗೋಡ್ಯಾಗ ಹೆಂಗ ನಿಂತ ನಮ್ಮಣ್ಣ?"

ಮಂದಾಕಿನಿ ಗೋಡೆಯ ಅಳತೆಯನ್ನೂ ಅಟ್ಟದ ಅಳತೆಯನ್ನೂ ಕೊಟ್ಟರು. ಈ ಸಲ ಮರುಗಣ್ಣು ತುಸು ಹೆಚ್ಚು ಹೊತ್ತು ತೆಗೆದುಕೊಂಡಿತು. ಆಮೇಲೆ ಕಂಡದ್ದನ್ನು ಆ ಸಭಾಂಗಣದಲ್ಲಿದ್ದವರು ಮರೆಯಲಾರರು. ಬಾಳೇಶ ಯಂತ್ರದ ಮುಚ್ಚಳದ ಮೇಲೆ ಹತ್ತಿದ. ಮೊಣಕಾಲುಗಳಿಂದ ಕೊಳವೆಯೊಂದನ್ನು ತಬ್ಬಿ, ತಲೆ ಕೆಳಗಾಗಿ ಜೋತುಬಿದ್ದು, ಸೊಂಟ ತಿರುಚಿ, ಬಲಗೈ ಚಾಚಿ ತಂತಿ ಸುತ್ತಿದ. ಇಳಿದು ಬಂದು ಒಳಗೆ ಬಗ್ಗಿದ. ಸತ್ತ. ಪಕ್ಕದಲ್ಲೇ ಅಟ್ಟ ಖಾಲಿಯಾಗಿ ನಿಂತಿತ್ತು.

ಯಾರೂ ನಗಲಿಲ್ಲ.

"ಮಂಗ್ಯಾನ ಮೈ ಕೊಟ್ಟೀರಿ ನಮ್ಮಣ್ಣಗ!" ನೀಲಾಂಬಿಕಾ ಕೂಗಿದಳು. "ಗೋಡಿ ಒಳಗ ತೂರಿಸಿದ್ರಿ, ತಲಿಕೆಳಗ ಜೋತುಬಿಟ್ರಿ. ಅಟ್ಟದ ಮ್ಯಾಲೆ ಇನ್ನೊಬ್ಬ ಮನಷ್ಯಾನ್ನ ನಿಲ್ಲಸಾಕ ಮಾತ್ರ ನಿಮ್ಮ ಮಷಿನ್‌ಗೆ ಕೈ ಬರವಲ್ದು. ಯಾಕ್ರಿ ಮೇಡಂ? ಯಾಕ?"

ಪೀಠದಲ್ಲಿದ್ದ ನ್ಯಾಯಾಧೀಶರು ಮಂದಾಕಿನಿಯತ್ತ ತಿರುಗಿ, "ಹೇಳಿ, ಡಾಕ್ಟರ್" ಎಂದರು.

"ಭುಜದ ಸರಾಸರಿಯನ್ನು ಅದು ಭುಜಗಳಿಂದ ಕಲಿಯಿತು," ಎಂದರು ಮಂದಾಕಿನಿ. "ಅಪಘಾತ ಹೇಗೆ ಆಗುತ್ತದೆ ಎಂಬುದನ್ನು ಹಳೆಯ ತೀರ್ಪುಗಳಿಂದ ಕಲಿಸಿದೆವು. ಸಾವಿರಾರು ತೀರ್ಪುಗಳು. ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ತಪ್ಪು ಮಾಡಿದವನು ಸತ್ತವನೇ. ಅದಕ್ಕೇ ಅದು ಬೇರೆಯವರನ್ನು ಹುಡುಕುವುದೇ ಇಲ್ಲ. ನಾನು... ನಾನು ಆ ತೀರ್ಪುಗಳನ್ನು ಪರೀಕ್ಷಿಸಲಿಲ್ಲ. ನ್ಯಾಯಾಲಯದವು ಅಂತ ನಂಬಿದೆ."

"ಆ ತೀರ್ಪುಗಳನ್ನು ಕೊಟ್ಟಿದ್ದು ಯಾವ ಯಂತ್ರ?" ಎಂದು ಕೇಳಿದರು ನ್ಯಾಯಾಧೀಶರು.

"ಯಂತ್ರ ಅಲ್ಲ ಸ್ವಾಮಿ. ಆಗಿನ್ನೂ ಯಂತ್ರ ಇರಲಿಲ್ಲ. ಮನುಷ್ಯರೇ."

ಕಾಮಾಲೆ ಕಣ್ಣಿಗೆ ಜಗತ್ತೆಲ್ಲ ಹಳದಿ. ಆ ಕಾಮಾಲೆಯನ್ನು ಯಂತ್ರಕ್ಕೆ ಅಂಟಿಸಿದವರು ಯಾರು ಎಂದು ಅಂದು ಎಲ್ಲರಿಗೂ ಗೊತ್ತಾಯಿತು. ಆದರೂ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂಥ ಆದೇಶವೇ ಹೊರಬಿತ್ತು. ಕಾರ್ಖಾನೆಯ ಅಂಗಳದ ದೃಶ್ಯವನ್ನು ಕೂಡಲೇ ನಿಲ್ಲಿಸಬೇಕು. ಬಾಳೇಶನ ಮೇಲಿನ ಆರೋಪ ರದ್ದು. ತಂತಿ ಕಟ್ಟಿದವರು ಯಾರೆಂದು ಹೊಸದಾಗಿ ತನಿಖೆ ಆಗಲಿ. ಮರುಗಣ್ಣನ್ನು ನಿಲ್ಲಿಸುವ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ತಾನೂ ಬರುತ್ತೇನೆಂದಳು. ಇಬ್ಬರೂ ಗೇಟಿನ ಹೊರಗೆ ನಿಂತರು. ಗಂಟೆ ಬಾರಿಸಿತು. ಕಟ್ಟೆ ಬರಿದಾಗಿತ್ತು. ಪಾಳಿಯವರು ಒಳಗೆ ಹೋಗುತ್ತ ಅವ್ವನ ಕಡೆ ನೋಡಿ ಕೈ ಮುಗಿದರು. "ಇನ್ನ ಅವನ್ನ ಮಲಗಾಕ ಬಿಟ್ರು," ಎಂದಳು ಅವ್ವ.

ನೀಲಾಂಬಿಕಾಳ ಸಿಟ್ಟು ಮಲಗಲಿಲ್ಲ. ಅಲ್ಲಿಂದ ಸೀದಾ ಶಹಾಪುರಕ್ಕೆ ಹೋಗಿ ಪರದೆಯ ಮುಂದೆ ಕೂತು, ಅಟ್ಟದ ಮೇಲೆ ಒಂದು ಆಕೃತಿ ನಿಲ್ಲಿಸತೊಡಗಿದಳು. ಡಬ್ಬಿಯ ಎದೆ, ಕೊಳವೆಯ ಕೈಕಾಲು, ಬೂದುಬಣ್ಣದ ಮೈ. ಮೊಣಕಾಲೂರಿಸಿದಳು. ಬಲಗೈ ಚಾಚಿಸಿದಳು. ಸ್ವಿಚ್ಚು ಕೈಗೆ ಸಿಕ್ಕಿತು. ಮುಖದ ಮೂಗು ಎಳೆಯಲು ಹೊರಟಾಗ ಪಾರೀಸರು ಬೆನ್ನ ಹಿಂದೆ ಬಂದು ನಿಂತರು.

"ಮುಖ ಕೊಡಬ್ಯಾಡ."

"ಯಾಂವ ಅಂತ ನನಗ ಗೊತ್ತೈತಿ ಮಾಸ್ತರ್. ಹಿಂದ ಹೊಲಸು ಐತಿ ಅಂದನಲ್ಲ, ಅಂವನ."

"ಇರಬಹುದು. ನೀ ನೋಡೀಯೇನು?"

ಅವಳ ಕೈ ಅಲ್ಲೇ ನಿಂತಿತು. ಕೋಪದಿಂದ ಕಣ್ಣು ತುಂಬಿ ಬಂದವು. ಎಳೆದ ಗೆರೆಯನ್ನು ಅಳಿಸಿದಳು. ತನಿಖೆಯವರಿಗೆ ಕಳಿಸಿದ ದೃಶ್ಯದಲ್ಲಿ ಬೂದು ಮನುಷ್ಯ ಮುಖವಿಲ್ಲದೆಯೇ ಅಟ್ಟದ ಮೇಲೆ ಮೊಣಕಾಲೂರಿದ್ದ. ಅವನ ಪಕ್ಕದಲ್ಲಿ ಅವಳು ಬರೆದಿದ್ದಳು: 'ಇವನನ್ನು ನಾನು ನೋಡಿಲ್ಲ. ನೀವು ಹೋಗಿ ನೋಡಿ.'

ಮರುಗಣ್ಣು ಓದಿ ಕಲಿತ ತೀರ್ಪುಗಳಲ್ಲಿ ತೀರ ಹಳೆಯವು, ನೀವು ಇದನ್ನು ಓದುತ್ತಿರುವ ನಮ್ಮ ಈ ವರ್ಷಗಳವು. ತೀರ್ಪು ಬರೆಯುವವರೊಬ್ಬರು ಊಟ ಮುಗಿಸಿ ಬಂದು ಫ್ಯಾನಿನ ಕೆಳಗೆ ಕೂತು, ಸ್ಥಳಕ್ಕೆ ಹೋಗದೆ, ಯಂತ್ರದ ಹಿಂದೆ ಗೋಡೆಯಿದೆಯೋ ಬಯಲಿದೆಯೋ ಕೇಳದೆ, 'ಮೃತನ ನಿರ್ಲಕ್ಷ್ಯವೇ ಕಾರಣ' ಎಂದು ಬರೆದು ಸಹಿ ಹಾಕಿದರು. ಇಂದು ಮಧ್ಯಾಹ್ನವೂ ಎಲ್ಲೋ ಒಂದು ಮೇಜಿನ ಮೇಲೆ ಆ ಸಾಲು ಅರ್ಧ ಬರೆದಾಗಿದೆ.