ಬೇಗ ಒಣಗುವ ಬಣ್ಣ

ಉಪಕಾರ ಮಾಡಿದವರಿಗೆ ಥ್ಯಾಂಕ್ಸ್ ಸಿಗಬೇಕು, ಕೆಲಸ ಕೆಡಿಸಿದವರಿಗೆ ಬೈಗುಳ ಸಿಗಬೇಕು. ಲೋಕ ನಡೆಯುವುದು ಹಾಗೆ. ಆದರೆ ಕೆಳಗಿನ ಮನೆಯ ಸರ್ವೇಯರನ ಲೆಕ್ಕವೇ ಬೇರೆ. ಆ ಲೆಕ್ಕದ ತಲೆಬುಡ ಅರ್ಥವಾಗದೆ ಮಹಡಿ ಮನೆಯ ಹುಡುಗಿ ಊಟ ನಿದ್ದೆ ಕೆಡಿಸಿಕೊಂಡಳು.

ಹುಡುಗಿ ಹಲ್ಲಿನ ಕ್ಲಿನಿಕ್ಕಿನಲ್ಲಿ ಅಸಿಸ್ಟೆಂಟು. ದೊಡ್ಡಮ್ಮನ ಜೊತೆ ಮಹಡಿಯಲ್ಲಿ ವಾಸ. ಕೆಳಗೆ ಬಾಡಿಗೆಗಿದ್ದ ಸರ್ವೇಯರ್ ದಿನವಿಡೀ ಜಮೀನು ಅಳೆಯುವವನು, ಮಾತನ್ನೂ ಅಳೆದೇ ಆಡುವವನು. ಅವನಿಗೀಗ ದೂರದ ಊರಿಗೆ ವರ್ಗವಾಗಿತ್ತು. “ಬೈಕ್ ರೆಡಿಯಾದ ಕೂಡ್ಲೇ ಹೊರಡ್ತೀನಿ” ಎಂದು ದೊಡ್ಡಮ್ಮನಿಗೆ ಹೇಳಿಬಿಟ್ಟಿದ್ದ.

ಬೈಕೆಂದರೆ ಅವನ ಅಪ್ಪ ಓಡಿಸಿದ ಹಳೇ ಬೈಕು. ಎಂಜಿನ್, ಚಕ್ರ, ಟ್ಯಾಂಕು ಎಲ್ಲ ಬಿಚ್ಚಿ ಮೂಲೆಗಿಟ್ಟು, ತುಕ್ಕು ಹಿಡಿದ ಬರೀ ಫ್ರೇಮನ್ನು ಶೆಡ್ಡಿನ ತೊಲೆಗೆ ಹಗ್ಗ ಕಟ್ಟಿ ನೇತುಹಾಕಿದ್ದ. ಸಂಜೆ ಆಫೀಸಿನಿಂದ ಬಂದು ಪ್ಯಾಂಟು ಮಡಚಿ, ತಂತಿ ಬ್ರಶ್ ಹಿಡಿದು ಕೂತನೆಂದರೆ ಕತ್ತಲಾಗುವವರೆಗೆ ಕರಕರ ಸದ್ದು. ಹುಡುಗಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಸುಮ್ಮನೆ ನೋಡುವುದು ಹೇಗೆ ಎಂದು ಕೈಯಲ್ಲೊಂದು ಕಾಫಿ ಲೋಟ ಇರುತ್ತಿತ್ತು.

“ಏನ್ ಡಾಕ್ಟ್ರೇ, ಹೇಗಿದ್ದಾನೆ ನಮ್ಮ ಪೇಷಂಟು?” ಅವನು ತಲೆಯೆತ್ತದೆ ಕೇಳುತ್ತಿದ್ದ.

“ನಾನು ಡಾಕ್ಟರಲ್ಲ. ಡಾಕ್ಟರ ಕೈಗೆ ಇಕ್ಕಳ ಕೊಡೋಳು.”

“ಇಕ್ಕಳ ಹಿಡಿದೋರನ್ನ ಡಾಕ್ಟ್ರೇ ಅನ್ನೋದೇ ಕ್ಷೇಮ.”

ಆಮೇಲೆ ಮತ್ತೆ ಕರಕರ ಸದ್ದು. ನಡುವೆ ಒಮ್ಮೆ ಮೂಗಿನ ಮೇಲಿನ ಬೆವರನ್ನು ತೋಳಿಗೆ ಒರೆಸಿಕೊಳ್ಳುವ ನೆಪದಲ್ಲಿ ಅವನು ಮೆಟ್ಟಿಲ ಕಡೆ ಓರೆಗಣ್ಣು ಹಾಯಿಸುತ್ತಿದ್ದ. ಅವಳು ಸರಿಯಾಗಿ ಆಗಲೇ ಖಾಲಿ ಲೋಟವನ್ನು ಬಾಯಿಗಿಟ್ಟು ಕಾಫಿ ಹೀರುತ್ತಿದ್ದಳು.

ಅವನು ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು. ಹೋಗುವ ಮೊದಲು ಏನಾದರೂ ಹೇಳುತ್ತಾನೋ ಇಲ್ಲವೋ, ಅದು ಗೊತ್ತಿರಲಿಲ್ಲ.

ಒಂದು ದಿನ ಅವನು ಸರ್ವೇ ಕೆಲಸಕ್ಕೆ ಹೊರಗೂರಿಗೆ ಹೋಗಿದ್ದ. ಹುಡುಗಿ ಕ್ಲಿನಿಕ್ಕಿನಿಂದ ಬೇಗ ಬಂದವಳು ಶೆಡ್ಡಿಗೆ ಇಣುಕಿದಳು. ಫ್ರೇಮಿನ ಮೈತುಂಬ ಕರಿ ಹಿಡಿದಿತ್ತು! ಪಾಪ, ಇಷ್ಟು ಉಜ್ಜಿದರೂ ಹೀಗಾಯಿತಲ್ಲ ಎಂದುಕೊಂಡಳು. ಮುಂದೆ ಆದದ್ದು ಅವಳ ತಪ್ಪಲ್ಲ, ಕಸುಬಿನ ತಪ್ಪು. ಕಪ್ಪು ಕಂಡರೆ ಹುಳುಕು, ಹುಳುಕನ್ನು ಕೆರೆದು ತೆಗೆ, ನೀರು ಬಿಟ್ಟು ತೊಳೆ. ಅವಳ ಕೈ ಕಲಿತ ಪಾಠ ಇದೊಂದೇ. ಉಪ್ಪುಕಾಗದ ಹಿಡಿದು ಕೂತಳು. ಮೂಲೆ ಸಂದಿಯನ್ನೂ ಬಿಡಲಿಲ್ಲ. ಬೆರಳ ಗಂಟಿನ ಚರ್ಮ ಕಿತ್ತುಬಂದರೂ ಬಿಡಲಿಲ್ಲ. ಕೊನೆಗೆ ಪೈಪಿನಲ್ಲಿ ನೀರು ಹಿಡಿದು, ಪೇಷಂಟಿಗೆ ಬಾಯಿ ತೊಳೆಸಿದ ಹಾಗೆ ಚೆನ್ನಾಗಿ ತೊಳೆದಳು. ಫ್ರೇಮು ಬೆಳ್ಳಿಯ ಹಾಗೆ ಹೊಳೆಯಿತು.

ಬೆಳಿಗ್ಗೆ ಕ್ಲಿನಿಕ್ಕಿಗೆ ಓಡುವ ಗಡಿಬಿಡಿಯಲ್ಲಿ ಗೇಟಿನ ಹತ್ತಿರದಿಂದಲೇ ಕೂಗಿದಳು. “ಸರ್ವೇಯರ್ ಸಾಹೇಬ್ರೇ, ನೋಡಿದ್ರಾ? ನಾನೇ ಉಜ್ಜಿದ್ದು!”

ರಾತ್ರಿ ತಡವಾಗಿ ವಾಪಸಾಗಿದ್ದ ಅವನು ಶೆಡ್ಡಿನ ಬಾಗಿಲಲ್ಲಿ ಟೂತ್ ಬ್ರಶ್ ಬಾಯಲ್ಲಿಟ್ಟುಕೊಂಡು ನಿಂತಿದ್ದ. ಒಮ್ಮೆ ಒಳಗೆ ನೋಡಿದ, ಒಮ್ಮೆ ಅವಳನ್ನು ನೋಡಿದ. ಕಣ್ಣು ಅಗಲವಾಯಿತು. ಆಮೇಲೆ ನಿಧಾನವಾಗಿ, ಕಿವಿಯವರೆಗೂ ನಕ್ಕ. ಆ ನಗುವನ್ನು ಅವಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ನೆನೆದುಕೊಂಡು, ಇಳಿಯುವ ಸ್ಟಾಪು ಬಿಟ್ಟು ಮುಂದೆ ಹೋದಳು.

ಮಧ್ಯಾಹ್ನ ಪೇಂಟ್ ಅಂಗಡಿ ಯಜಮಾನರು ದವಡೆ ಹಲ್ಲಿಗೆಂದು ಬಂದರು. ಡಾಕ್ಟರು ಬರುವ ತನಕ ಮಾತಿಗಿರಲಿ ಎಂದು ಅವಳು ತನ್ನ ಸಾಹಸವನ್ನು ಬಣ್ಣಿಸಿದಳು. ಯಜಮಾನರು ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಕುರ್ಚಿಯಿಂದ ಎದ್ದು ಕೂತರು.

“ಅಯ್ಯೋ ಮಗಳೇ, ಆ ಕಪ್ಪೇ ಔಷಧಿ, ಅವನೇ ಹಚ್ಚಿ ಹೋಗಿರ್ತಾನೆ! ತುಕ್ಕಿಗೆ ಹಚ್ಚಿದ್ರೆ ಅದು ಕಪ್ಪಗಾಗಿ ಗಟ್ಟಿ ಕೂರುತ್ತೆ. ಅದರ ಮೇಲೆ ಪ್ರೈಮರ್ ಹೊಡೀಬೇಕು. ನೀನು ಅದನ್ನ ಕೆರೆದು, ಬರೀ ಕಬ್ಬಿಣಕ್ಕೆ ನೀರು ಬೇರೆ ಹಾಕಿದ್ಯಾ? ಬೆಳಗಾಗೋ ಹೊತ್ತಿಗೆ ಮತ್ತೆ ತುಕ್ಕು! ಆ ಹುಡುಗನ ಮೇಲೆ ಏನಾದ್ರೂ ಹಗೆ ಸಾಧಿಸ್ತಿದ್ದೀಯಾ?”

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಂಜೆ ಬಂದು ನೋಡಿದರೆ ಯಜಮಾನರ ಮಾತು ನಿಜ. ಬೆಳ್ಳಿಯ ಹಾಗೆ ಹೊಳೆದಿದ್ದ ಫ್ರೇಮಿಗೆ ಕಾಮಾಲೆ ಬಂದಿತ್ತು. ಅದರ ಮುಂದೆ ಸರ್ವೇಯರ್ ಶಿಳ್ಳೆ ಹಾಕುತ್ತ, ಮೊದಲಿನಿಂದ ಉಜ್ಜುತ್ತ ಕೂತಿದ್ದ.

“ನನ್ನಿಂದ ತಪ್ಪಾಯ್ತು” ಎಂದಳು ನೆಲ ನೋಡುತ್ತ.

“ತಪ್ಪೇನ್ ಬಂತು? ನಂಗೆ ಸ್ವಲ್ಪಾನೂ ಬೇಜಾರಿಲ್ಲ.” ಅವನ ಕಿವಿ ಕೆಂಪಾಗಿತ್ತು. “ನಂಗೆ ಅರ್ಥ ಆಯ್ತು ಬಿಡಿ.”

“ಏನರ್ಥ ಆಯ್ತು?”

ಅಷ್ಟರಲ್ಲಿ ಮೇಲಿನಿಂದ ದೊಡ್ಡಮ್ಮ ಕೂಗಿದಳು. ಅವನು ಇನ್ನೂ ಜೋರಾಗಿ ಉಜ್ಜತೊಡಗಿದ.

“ದೊಡ್ಡಮ್ಮಾ, ಮಾಡಿದ ಕೆಲಸ ಪೂರ್ತಿ ಕೆಡಿಸಿದ್ರೆ ಯಾರಾದ್ರೂ ಖುಷಿಪಡ್ತಾರಾ?” ಮೇಲೆ ಹೋಗಿ ಹುಡುಗಿ ಕೇಳಿದಳು.

ದೊಡ್ಡಮ್ಮ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. “ಹುಚ್ಚರು ಪಡ್ತಾರೆ. ಇಲ್ಲಾ, ಹುಚ್ಚು ಹಿಡಿಸಿಕೊಂಡೋರು ಪಡ್ತಾರೆ. ಯಾಕೇ ಪುಟ್ಟಿ, ಯಾರಿಗೇನಾಯ್ತು?”

“ಯಾರಿಗೂ ಏನೂ ಆಗಿಲ್ಲ” ಎಂದು ಪುಟ್ಟಿ ಅಲ್ಲಿಂದ ಕಾಲು ಕಿತ್ತಳು.

ಮಾಡಿದ ತಪ್ಪನ್ನು ತಾನೇ ಸರಿಮಾಡಬೇಕೆಂದು ಮಾರನೆಯ ದಿನದಿಂದ ಅವಳೂ ಶೆಡ್ಡಿಗೆ ಇಳಿದಳು. ಅವನು ಹೋಗಬಾರದು ಎಂಬ ಆಸೆ ಒಳಗೆ ಒಂದು ಕಡೆ. ಅವನ ದಾರಿಗೆ ತಾನೇ ಅಡ್ಡಬಂದೆನೆಂಬ ಅಳುಕು ಇನ್ನೊಂದು ಕಡೆ. ಅಳುಕು ಗೆದ್ದಿತು. ಹಾಗಾಗಿ ಎರಡು ಆಳಿನ ಕೆಲಸ ಒಬ್ಬಳೇ ಮಾಡಿದಳು. ಅವನು ಉಜ್ಜಿದಲ್ಲಿ ಅವಳು ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿದಳು. ಔಷಧಿ ಹಚ್ಚಿ ಕಪ್ಪಗಾದ ಮೇಲೆ ಬೆಕ್ಕು ಕೂಡ ಹತ್ತಿರ ಸುಳಿಯದಂತೆ ಕಾವಲು ಕೂತಳು. ಪ್ರೈಮರ್ ಹೊಡೆಯುವಾಗ ಅವನು ಒಂದು ಕೈಯಲ್ಲಿ ಫ್ರೇಮು ತಿರುಗಿಸಿದರೆ, ಇನ್ನೊಂದು ತುದಿ ಅವಳ ಕೈಯಲ್ಲಿ. ಕೊಳವೆಗಳ ನಡುವಿನ ಕಿಂಡಿಯಲ್ಲಿ ಎರಡು ಮುಖ ಎದುರೆದುರು ಬರುತ್ತಿದ್ದವು. ಅವನ ರೆಪ್ಪೆಯ ಮೇಲೂ ಬೂದು ಪ್ರೈಮರಿನ ಸಣ್ಣ ಹನಿ ಕೂತಿತ್ತು. ಒರೆಸಿಬಿಡೋಣವೇ ಎಂದು ಅವಳ ಬೆರಳು ಎದ್ದಿತು. ಎದ್ದ ಬೆರಳನ್ನು ತನ್ನದೇ ಮೂಗು ತುರಿಸಲು ಬಳಸಿಕೊಂಡಳು.

“ಮೂಗಿಗೂ ಪ್ರೈಮರ್ ಆಯ್ತು ಡಾಕ್ಟ್ರೇ.”

“ಆಗ್ಲಿ, ಮೂಗಿಗೂ ತುಕ್ಕು ಹಿಡಿಯಲ್ಲ. ನೀವು ಬೇಗ ಬೇಗ ಹೊಡೀರಿ. ನಿಮಗೆ ಹೊರಡೋಕೆ ಲೇಟಾಗುತ್ತೆ.”

ನಗುತ್ತಿದ್ದವನು ನಗು ನಿಲ್ಲಿಸಿದ. ಅವಳು ಎಷ್ಟು ಚುರುಕಾಗಿ ಕೆಲಸ ಮಾಡಿದಳೋ ಅಷ್ಟು ಅವನ ಮುಖ ಸಣ್ಣದಾಗುತ್ತ ಹೋಯಿತು. ಶಿಳ್ಳೆ ನಿಂತಿತು. ಒಂದು ದಿನ ಅವನು ಎರಡು ಬಣ್ಣದ ಡಬ್ಬಿ ತಂದು ಅವಳ ಮುಂದಿಟ್ಟ. ಒಂದು ಕಡುಹಸಿರು, ಒಂದು ನೀಲಿ.

“ಯಾವುದು ಹೊಡೀಲಿ? ನೀವೇ ಹೇಳಿ.”

“ಯಾವುದಾದ್ರೇನು? ಬೇಗ ಒಣಗೋ ಬಣ್ಣ ಹೊಡೀರಿ.”

ಅವನ ಮುಖ ಹರಳೆಣ್ಣೆ ಕುಡಿದಂತಾಯಿತು. ಯಾವುದನ್ನೂ ಆರಿಸದೆ ಎರಡನ್ನೂ ಎತ್ತಿಕೊಂಡು ಒಳಗೆ ಹೋದ. ಹುಡುಗಿಗೆ ತಲೆ ಚಿಟ್ಟು ಹಿಡಿಯಿತು. ಇದೆಂಥಾ ಗಂಡಸು? ಕೆಡಿಸಿದರೆ ಕಿವಿವರೆಗೂ ನಗುತ್ತಾನೆ, ನೆರವಾದರೆ ಮುಖ ಗಂಟು ಹಾಕುತ್ತಾನೆ! ಬರುವ ಪೇಷಂಟುಗಳ ಬಾಯಿ ತೆರೆಸಿ ಒಳಗಿರುವುದನ್ನು ನೋಡಬಹುದು. ಇವನ ಬಾಯಿ ತೆರೆಸುವುದು ಹೇಗೆ?

ಕೊನೆಗೆ ಕಡುಹಸಿರು ಗೆದ್ದಿತು. ಕೊನೆಯ ಕೋಟು ಒಣಗಿದ ಸಂಜೆ ಇಬ್ಬರೂ ಶೆಡ್ಡಿನಲ್ಲಿ ನಿಂತಿದ್ದರು. ಉಳಿದ ಬಣ್ಣದ ಡಬ್ಬಿ ಮುಚ್ಚಲು ಹೋಗಿ ಅವನ ಕೈಗೆಲ್ಲ ಹಸಿ ಬಣ್ಣ ಮೆತ್ತಿತ್ತು. ಫ್ರೇಮಿನಲ್ಲಿ ಎಲ್ಲೂ ಗುಳ್ಳೆಯಿಲ್ಲ, ಸೋರಿದ ಗೆರೆಯಿಲ್ಲ. ಇಬ್ಬರಲ್ಲಿ ಒಬ್ಬರಿಗಾದರೂ ಸಂತೋಷವಾಗಬೇಕಿತ್ತು.

“ನಾಳೆ ಮೆಕ್ಯಾನಿಕ್ ಬಂದು ಎಂಜಿನ್ ಕೂರಿಸ್ತಾನೆ. ನಾಡಿದ್ದು ಹೊರಡ್ತೀನಿ.”

“ಒಳ್ಳೇದಾಯ್ತು” ಎಂದಳು. ಥಿನ್ನರ್ ವಾಸನೆಯ ನೆಪ ಮಾಡಿ ಕೆಮ್ಮಿದಳು.

“ಒಂದು ಮಾತು ಕೇಳ್ಲಾ?” ಅವನು ಅವಳ ಕಡೆ ತಿರುಗಿದ. “ಅವತ್ತು ಯಾಕೆ ಉಜ್ಜಿದ್ರಿ?”

“ಕಪ್ಪಗಿತ್ತಲ್ಲ. ಹುಳುಕು ಅಂದ್ಕೊಂಡೆ.”

“ಅಷ್ಟೇನಾ?”

“ಮತ್ತಿನ್ನೇನು?”

ಅವನು ನಕ್ಕ. ಈ ಸಲದ ನಗು ಕಿವಿಯವರೆಗೆ ಹೋಗಲಿಲ್ಲ. “ನಾನೊಬ್ಬ ಪೆದ್ದ. ನಾನು ಹೋಗೋದು ನಿಮಗಿಷ್ಟ ಇಲ್ಲ, ಅದಕ್ಕೇ ಕೆಡಿಸಿದ್ರಿ ಅಂದ್ಕೊಂಡೆ. ಅದೂ ಗೇಟಲ್ಲಿ ನಿಂತು ‘ನಾನೇ ಉಜ್ಜಿದ್ದು’ ಅಂತ ಕೂಗಿ ಹೇಳಿದ್ರಲ್ಲ! ಎಷ್ಟು ಧೈರ್ಯ ಈ ಹುಡುಗೀಗೆ ಅನ್ನಿಸ್ತು. ಅವತ್ತು ಒಂದೇ ಜಮೀನನ್ನ ಎರಡು ಸಲ ಅಳೆದು ಆಫೀಸಿಗೆ ಎರಡು ಲೆಕ್ಕ ಕೊಟ್ಟೆ. ಆಮೇಲೆ ನೀವು ದಿನಾ ಬಂದು ‘ಬೇಗ, ಬೇಗ’ ಅಂತ ನನ್ನನ್ನ ಓಡಿಸೋಕೆ ಶುರು ಮಾಡಿದ್ರಿ. ನಂಗೇನೂ ತಿಳೀಲಿಲ್ಲ.”

ಅವಳಿಗೆ ಈಗ ಎಲ್ಲ ತಿಳಿಯಿತು. ಹೌದು, ಬೇಕೆಂದೇ ಕೆಡಿಸಿದೆ ಎಂದು ಒಂದು ಸುಳ್ಳು ಹೇಳಿದರೆ ಸಾಕಿತ್ತು. ಆ ನಗು ಮತ್ತೆ ಬರುತ್ತಿತ್ತು. ಆದರೆ ಅವನ ಮುಖ ನೋಡುತ್ತ ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

“ಅದು ಔಷಧಿ ಅಂತ ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ” ಎಂದಳು. “ಗೊತ್ತಿದ್ದಿದ್ರೆ ಒಂದು ಸಲ ಅಲ್ಲ, ನೀವು ಹಚ್ಚಿದಾಗೆಲ್ಲ ಕೆರೀತಿದ್ದೆ.”

ಅವನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. “ಮತ್ತೆ ‘ಬೇಗ ಬೇಗ’ ಅಂದಿದ್ದು?”

“ನಾನೇ ಕೆಡಿಸಿದ್ದೆನಲ್ಲ, ನಾನೇ ಸರಿ ಮಾಡ್ಬೇಕು ಅಂತ. ಒಂದೊಂದು ಸಲ ಹಾಗಂದಾಗ್ಲೂ ಎದೆ ಉರೀತಿತ್ತು.”

“ಹೋಗ್ಲೇಬೇಕು ಡಾಕ್ಟ್ರೇ. ಕೆಲಸ.”

“ಹೋಗಿ, ಬೇಡ ಅಂದೋರ್ಯಾರು? ಹೋಗೋದು ಬೇರೆ, ಏನೂ ಹೇಳದೆ ಹೋಗೋದು ಬೇರೆ.”

ಅಳೆದು ಮಾತಾಡುವವನಿಗೆ ಅಳತೆಯೇ ಸಿಗಲಿಲ್ಲ. ಕೊನೆಗೂ ಬಾಯಿ ತೆರೆದ. “ನಾನು... ಬಸ್ಸಲ್ಲಿ ಹೋಗ್ತೀನಿ. ಬೈಕು ಇಲ್ಲೇ ಇರ್ಲಿ, ನಿಮ್ಮ ಹತ್ರ. ಅದನ್ನ ನೋಡೋ ನೆಪದಲ್ಲಿ ವಾರ ವಾರ ಬರಬಹುದು.”

ಇಷ್ಟು ದಿನ ಗೊಂದಲದಲ್ಲಿ ಬೆಂದವಳಿಗೆ ಇನ್ನೊಂದು ನೆಪವನ್ನು ತಡೆದುಕೊಳ್ಳುವ ಶಕ್ತಿ ಉಳಿದಿರಲಿಲ್ಲ.

“ನಂಗೆ ಬೈಕೂ ಬೇಡ, ನೆಪಾನೂ ಬೇಡ” ಎಂದಳು. “ನೀವು ಬೇಕು.”

ಸರ್ವೇಯರನ ಕಣ್ಣು ತುಂಬಿಬಂದು, ಅವನು ಮುಖ ಮುಚ್ಚಿಕೊಳ್ಳಲು ಹೋಗಿ ಹಣೆಗೆಲ್ಲ ಹಸಿರು ಬಳಿದುಕೊಂಡ. ಮೇಲಿನ ಅಡುಗೆಮನೆಯ ಕಿಟಕಿ ಧಡಾರನೆ ತೆರೆಯಿತು.

“ಬೇಕು ಅಂದ್ಲಲ್ಲಪ್ಪಾ,” ದೊಡ್ಡಮ್ಮ ಕೂಗಿದಳು, “ಇನ್ನೂ ಯಾಕೆ ಲೈಟ್ ಕಂಬದ ಥರ ನಿಂತಿದ್ದೀಯ? ಕೈ ತೊಳ್ಕೊಂಡು ಮೇಲೆ ಬಾ. ನಿಮ್ಮ ಅಮ್ಮನ ಫೋನ್ ನಂಬರ್ ಬೇಕು ನಂಗೆ.”

ಅವನು ನಲ್ಲಿಯ ಹತ್ತಿರ ಕೂತು ಕೈ ಉಜ್ಜಿದ. ಬಣ್ಣ ಸುಲಭಕ್ಕೆ ಹೋಗಲಿಲ್ಲ. ಹುಡುಗಿ ಪಕ್ಕದಲ್ಲಿ ಕೂತು, ಅವನ ಕೈಯನ್ನು ತನ್ನ ಕೈಗೆ ತೆಗೆದುಕೊಂಡು ಒಂದೊಂದೇ ಬೆರಳು ತೊಳೆದಳು. ಇಬ್ಬರಿಗೂ ಯಾವ ಅವಸರವೂ ಇರಲಿಲ್ಲ.