ಕಿಟಕಿ ಕೆಳಗಿನ ಜಾಗ

ಇನ್ಶಿರಾ ಗ್ಯಾರೇಜಿನ ಒಳಗೆ ಕಾಲಿಟ್ಟಾಗ ಶೌಕಿ ಮೊಣಕಾಲೂರಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಎಳೆಯುತ್ತಿದ್ದ.

“ಏನ್ ಉಸ್ತಾ, ಈ ವಯಸ್ಸಲ್ಲಿ ಕುಂಟೆಬಿಲ್ಲೆ ಆಡ್ತಿದ್ದೀರಾ?”

“ತುಳೀಬೇಡ, ಅದು ಬ್ಯಾಂಡ್ ಸಾ, ಗರಗಸದ ಮಷೀನು!”

ಅವಳು ಬೇಕೆಂದೇ ಗಾಬರಿಯಿಂದ ಕಾಲು ಎತ್ತಿಕೊಂಡಳು. “ಅಯ್ಯೋ, ಕೊಯ್ದೇ ಬಿಡ್ತಿತ್ತು!”

ಅವನು ನಕ್ಕ. ದುಮ್ಯಾತ್ ಪೇಟೆಯಲ್ಲಿದ್ದ ಅವನ ದೊಡ್ಡ ವರ್ಕ್‌ಶಾಪನ್ನು ಕಟ್ಟಡದ ಯಜಮಾನ ಕೆಡವಿಸುತ್ತಿದ್ದ. ಅಲ್ಲಿದ್ದ ಮಷೀನುಗಳೆಲ್ಲ ಇನ್ನು ಮನೆಯ ಕೆಳಗಿನ ಈ ನಾಲ್ಕು ಮೀಟರ್ ಗೂಡಿನಲ್ಲೇ ಹಿಡಿಸಬೇಕು. ಹದಿನಾರು ವರ್ಷ ಅವನು ಕೊಯ್ದ ಮರದ ಮೇಲೆ ಹೂಬಳ್ಳಿ ಕೆತ್ತುತ್ತ, ಅವನನ್ನು ಮೇಸ್ತ್ರಿ ಎಂಬ ಅರ್ಥದಲ್ಲಿ ‘ಉಸ್ತಾ’ ಎಂದೇ ಕರೆದವಳು ಇನ್ಶಿರಾ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಶೌಕಿ ಮದುವೆಯೇ ಆಗಿರಲಿಲ್ಲ.

“ರಂದಾ ಮಷೀನು ಬಾಗಿಲಿಗೆ ಎದುರಾಗಿ,” ಅವನು ಉತ್ಸಾಹದಿಂದ ತೋರಿಸಿದ. “ಉದ್ದ ಹಲಗೆ ಸೀದಾ ಬೀದಿಗೆ ಚಾಚುತ್ತೆ. ಪಕ್ಕದ ಮನೆ ಕೋಳಿಗಳು ಹುಷಾರಾಗಿದ್ರೆ ಸಾಕು.”

“ಮತ್ತೆ ಕಿಟಕಿ ಕೆಳಗೆ? ಎಲ್ಲಾ ಒತ್ತೊತ್ತಾಗಿಟ್ಟು ಅಲ್ಲಿ ಮಾತ್ರ ಖಾಲಿ ಬಿಟ್ಟಿದ್ದೀರಿ. ಹೊಸ ಹೆಂಡ್ತಿಗೆ ಕುರ್ಚಿನಾ?”

ಅವನ ಕಿವಿ ಕೆಂಪಾಯಿತು. ಸೀಮೆಸುಣ್ಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

“ನಿನ್ನ ಕೆತ್ತನೆ ಮೇಜಿಗೆ. ಎಡಗಡೆಯಿಂದ ಬೆಳಕು ಬೀಳುತ್ತೆ, ನಿನಗೆ ಹಾಗೇ ಬೇಕಲ್ವಾ? ಅದಕ್ಕೇ ಅಂಚು ಕೊರೆಯೋ ಮೋಲ್ಡಿಂಗ್ ಮಷೀನನ್ನ ತಮ್ಮನಿಗೆ ಕೊಟ್ಬಿಟ್ಟೆ.” ಅವನ ಕಣ್ಣು ಸೀಮೆಸುಣ್ಣದ ಮೇಲೇ ಇತ್ತು. “ಮೇಲೆ ಮನೇಲೂ ಜಾಗ ಇದೆ, ಇನ್ಶಿರಾ. ಅಲ್ಲಿ ಅಳತೆ ಮಾಡೋ ಅಗತ್ಯ ಇಲ್ಲ.”

ಎಷ್ಟೋ ವರ್ಷಗಳಿಂದ ಅವಳು ಕಾದಿದ್ದ ಮಾತು. ಆದರೆ ಅವಳು ಇವತ್ತು ಬಂದಿದ್ದು ಬೇರೆಯದನ್ನೇ ಹೇಳಲು.

“ನನ್ನ ಎದೆ ಕೆಟ್ಟಿದೆ, ಉಸ್ತಾ. ಇಷ್ಟು ವರ್ಷದ ಮರದ ಧೂಳು. ಎಕ್ಸ್‌ರೇ ನೋಡಿ ಡಾಕ್ಟರು, ಇನ್ನು ಧೂಳಿರೋ ಮನೆಗೇ ಕಾಲಿಡಬೇಡಿ ಅಂದ್ರು. ಬಟ್ಟೆಗೆ ಅಂಟಿದ ಧೂಳೂ ಆಗೋದಿಲ್ವಂತೆ. ರಾಸ್ ಅಲ್‌ಬರ್‌ಗೆ, ಅಕ್ಕನ ಮನೆಗೆ ಹೋಗ್ತಿದ್ದೀನಿ. ಅಲ್ಲಿ ಸಮುದ್ರದ ಗಾಳಿ.”

ಶೌಕಿ ಎದ್ದ. ತನ್ನ ತೋಳಿನ ಮೇಲಿನ ಮರದ ಪುಡಿಯನ್ನು ನೋಡಿಕೊಂಡ. ಕೊಡವಲು ಕೈ ಎತ್ತಿ, ಹಾಗೇ ತಡೆದು, ಅವಳಿಂದ ಎರಡು ಹೆಜ್ಜೆ ಹಿಂದೆ ಸರಿದ. ಡಾಕ್ಟರರ ಮಾತಿಗಿಂತ ಆ ಎರಡು ಹೆಜ್ಜೆ ಅವಳಿಗೆ ಹೆಚ್ಚು ನೋವು ಕೊಟ್ಟಿತು.

“ಎಲ್ಲಾ ಮಾರ್ತೀನಿ. ನಾಳೇನೇ. ಒಂದು ದಿನಸಿ ಅಂಗಡಿ ಇಡ್ತೀನಿ.”

“ನೀನಾ?” ಮೊದಲ ಸಲ ಅವಳ ಬಾಯಿಂದ ಏಕವಚನ ಬಂದಿತ್ತು. “ಹಬ್ಬಕ್ಕೆ ಮೂರು ದಿನ ರಜಾ ಸಿಕ್ಕಿದ್ರೆ ಮನೆ ಬಾಗಿಲನ್ನೇ ಬಿಚ್ಚಿ ರಂದಾ ಹೊಡೆಯೋನು ನೀನು. ದಿನಾ ನಿನ್ನ ಖಾಲಿ ಕೈ ನೋಡ್ಕೊಂಡು ನಾನು ಹೇಗೆ ಉಸಿರಾಡಲಿ, ಹೇಳು?”



ಅವಳು ಸೀಮೆಸುಣ್ಣಕ್ಕೆ ಕೈ ಚಾಚಿದಳು. ಅವನು ಅದನ್ನು ದೂರದಿಂದಲೇ ಉರುಳಿಸಿದ. ಸೆರಗಿನಂತೆ ಇಳಿಬಿದ್ದಿದ್ದ ತಲೆವಸ್ತ್ರದ ತುದಿಯನ್ನು ಮೂಗಿಗೆ ಒತ್ತಿಕೊಂಡು, ಅವಳು ಕಿಟಕಿಯ ಕೆಳಗೆ ರಂದಾ ಮಷೀನಿನ ಗೆರೆ ಎಳೆದಳು. ಕೆಮ್ಮು ಬಂತು. ನಿಲ್ಲುವವರೆಗೆ ಕಾದು, ಉಳಿದರ್ಧ ಎಳೆದಳು.

“ಇಲ್ಲಿಡು. ಉದ್ದ ಹಲಗೆ ಕಿಟಕಿಯಿಂದ ಆಚೆ ಚಾಚಲಿ. ಆಗ ಬ್ಯಾಂಡ್ ಸಾ ಪಕ್ಕ ಓಡಾಡೋಕೆ ಜಾಗ ಆಗುತ್ತೆ. ಇಲ್ಲಾಂದ್ರೆ ಒಂದಿನ ಬೆರಳು ಕಳ್ಕೊಳ್ತೀಯ.”

ಮರುವಾರ ಶುಕ್ರವಾರ, ನಮಾಜು ಮುಗಿದ ಮೇಲೆ, ಶೌಕಿ ರಾಸ್ ಅಲ್‌ಬರ್‌ಗೆ ಬಂದ. ಮಡಿಕೆಯ ಗೆರೆ ಮಾಸದ ಹೊಸ ಅಂಗಿ, ಒದ್ದೆ ತಲೆ, ಉಜ್ಜಿ ಉಜ್ಜಿ ಕೆಂಪಾದ ಉಗುರು. ಸಮುದ್ರದ ಎದುರು ಅವಳು ಕೂತಿದ್ದ ಬೆಂಚಿನ ಹತ್ತಿರ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ಅದು ತನ್ನಿಂದ ಅವಳ ಕಡೆಗೆ ಹೋಗದಂತೆ ಬೆಂಚಿನ ಆ ತುದಿಯಲ್ಲಿ ಕೂತ.

“ಹತ್ತಿರ ಬಾ.”

“ಬೇಡ. ಮೂರು ಸಲ ಸ್ನಾನ ಮಾಡಿದ್ದೀನಿ, ಆದ್ರೂ ಕಿವಿಯೊಳಗೆ ಇರುತ್ತೆ.”

ಅವಳು ನಗಲು ಹೋಗಿ ಅತ್ತಳು. “ಮಷೀನು ಶುರು ಮಾಡಿದ್ಯಾ?”

“ಇಲ್ಲ.”

“ನಾಳೆ ಮಾಡು.”

“ಮಾಡ್ತೀನಿ,” ಎಂದ.

ದಡದಲ್ಲಿ ಜನರಿದ್ದರು. ನೋಡಿದರೆ ನೋಡಲಿ ಎಂದುಕೊಂಡು ಇನ್ಶಿರಾ ಅವನ ಪಕ್ಕಕ್ಕೆ ಸರಿದಳು. ಉಸಿರನ್ನು ಬಿಗಿಹಿಡಿದು ಅವನ ಭುಜಕ್ಕೆ ತಲೆಯಿಟ್ಟಳು. ಎಷ್ಟು ಹೊತ್ತು ಹಿಡಿಯಲಾಯಿತೋ ಅಷ್ಟು ಹೊತ್ತು.