ನಿರ್ಣಾಯಕನ ಕವಚ

ತೀರ್ಪು ಕೊಡುವ ಮುನ್ನ ನಿರ್ಣಾಯಕನ ಹಣೆಯ ದೀಪಗಳು ಮೊದಲು ಹಳದಿಗೆ, ಆಮೇಲೆ ಕೇಸರಿಗೆ, ಕೊನೆಗೆ ಬಂಗಾರದ ಬಣ್ಣಕ್ಕೆ ತಿರುಗುತ್ತಿದ್ದವು. ಬಂಗಾರ ಕಂಡ ಕೂಡಲೇ ಎದ್ದು ನಿಲ್ಲಬೇಕೆಂದು ಯಾವ ಕಾನೂನೂ ಹೇಳಿರಲಿಲ್ಲ. ಆದರೂ ಗದಗಿನ ಜನ ಏಳುತ್ತಿದ್ದರು. ಕೆಲವರು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರುತ್ತಿದ್ದರು. ಯಂತ್ರದ ಎದುರು ಯಾರೋ ಒಮ್ಮೆ ತೆಂಗಿನಕಾಯಿ ಒಡೆದರು. ಅದನ್ನು ನಿಷೇಧಿಸಲು ನಗರಸಭೆ ಫಲಕ ಹಾಕಿಸಬೇಕಾಯಿತು.

ಆ ದಿನವೂ ದೀಪ ಬಂಗಾರವಾಯಿತು. ಮಿರ್ಚಿ ಭಜಿಯ ಅಂಗಡಿಯ ಗಂಗವ್ವ ಒಂದು ಕಡೆ, ಗಾದಿ ಹೊಲಿಯುವ ಇಮಾಮಸಾಬ ನದಾಫ ಇನ್ನೊಂದು ಕಡೆ ಕೈಜೋಡಿಸಿ ನಿಂತರು. ಇಬ್ಬರ ಅಂಗಡಿಗಳೂ ಒಂದೇ ಗೋಡೆಗೆ ಅಂಟಿಕೊಂಡಿದ್ದವು. ಅವನು ಹತ್ತಿ ಹಿಂಜಿದರೆ ಅರಳೆ ಹಾರಿ ಅವಳ ಬಾಣಲೆಗೆ ಬೀಳುತ್ತಿತ್ತು. ಅವಳು ಭಜಿ ಕರಿದರೆ ಎಣ್ಣೆಯ ಹೊಗೆ ಅವನ ಬಿಳಿ ಹತ್ತಿಗೆ ಮೆಣಸಿನಕಾಯಿಯ ವಾಸನೆ ಹತ್ತಿಸುತ್ತಿತ್ತು. ಅವನ ಗಾದಿಯ ಮೇಲೆ ಮಲಗಿದ ನವದಂಪತಿ ರಾತ್ರಿಯಿಡೀ ಸೀನಿದರೆಂದು ದೂರು ಬಂದಿತ್ತು. ತೀರ್ಪು ಬರುವ ತನಕ ಎರಡೂ ಅಂಗಡಿ ಮುಚ್ಚಿರಬೇಕೆಂಬುದು ನಿಯಮ.

"ಉಭಯ ಪಕ್ಷಗಳನ್ನು ಆಲಿಸಿದ್ದೇನೆ," ಎಂದಿತು ನಿರ್ಣಾಯಕ, ಗುಡುಗನ್ನು ಸೋಸಿ ತೆಗೆದಂಥ ದನಿಯಲ್ಲಿ. "ಆದ್ದರಿಂದ ಗಂಗವ್ವನವರನ್ನು ಹಿಂಜಿ, ಎಡ ಮಗ್ಗುಲಿಗೆ ತುಂಬಿ..."

ಒಳಗೆ ಚಟ್ ಎಂದಿತು. ಸುಟ್ಟ ವಾಸನೆ ಬಂತು. ದೀಪಗಳು ಆರಿದವು.

ಗಂಗವ್ವ ಗಾಬರಿಯಿಂದ ಸುತ್ತ ನೋಡಿದಳು. "ನನ್ನ ಹಿಂಜೋದು ಅಂದ್ರ ಹೆಂಗ್ರೀ? ಯಾವಾಗ ಬರ್ಬೇಕ್ರೀ ಅದಕ್ಕ?"

ಯಂತ್ರದ ಹಿಂದಿನ ಕೋಣೆಯಲ್ಲಿದ್ದ ಡಾ. ವಿಶಾಲಾಕ್ಷಿ ಕೊಣ್ಣೂರ ಆ ಪ್ರಶ್ನೆ ಕೇಳಿ ಕಣ್ಣು ಮುಚ್ಚಿಕೊಂಡರು. ಗಂಗವ್ವ ಹಾಸ್ಯಕ್ಕೆ ಕೇಳಿರಲಿಲ್ಲ. ಅದೇ ಅವರನ್ನು ಹೆಚ್ಚು ಚುಚ್ಚಿತು.

ನಿರ್ಣಾಯಕನನ್ನು ಕಟ್ಟಿದವರು ವಿಶಾಲಾಕ್ಷಿಯವರೇ. ನ್ಯಾಯಾಲಯಗಳಲ್ಲಿ ನೆರೆಹೊರೆಯ ಜಗಳಗಳು ತಲೆಮಾರುಗಟ್ಟಲೆ ಕೊಳೆಯುತ್ತಿದ್ದ ಕಾಲದಲ್ಲಿ, ಇಬ್ಬರ ಮಾತನ್ನೂ ಕೇಳಿ, ಹಳೆಯ ತೀರ್ಪುಗಳೊಂದಿಗೆ ಹೋಲಿಸಿ, ಊರಿನ ರೂಢಿಯನ್ನು ತೂಗಿ ಕ್ಷಣದಲ್ಲಿ ನ್ಯಾಯ ಹೇಳುವ ಗಣಕವೊಂದು ಇರಬೇಕೆಂದು ಅವರು ಹಂಬಲಿಸಿದ್ದರು. ತಮ್ಮ ಯೌವನವನ್ನೆಲ್ಲ ಅದಕ್ಕೇ ಕೊಟ್ಟರು. ಮನುಷ್ಯ ತೀರ್ಪು ಹೇಳಿದರೆ ಅವನ ಸಿಟ್ಟು, ಹಸಿವು, ಬೀಗರು ಎಲ್ಲ ಅದರಲ್ಲಿ ಸೇರಿಕೊಳ್ಳುತ್ತವೆ ಎಂಬುದು ಅವರ ನಂಬಿಕೆ. ತಾವಾಗಿ ಯಾವ ಜಗಳದಲ್ಲೂ ಅಭಿಪ್ರಾಯ ಹೇಳಿದವರಲ್ಲ. ಸ್ವಂತ ತಂಗಿಯ ಮನೆಯ ವ್ಯಾಜ್ಯಕ್ಕೆ ಕರೆದಾಗಲೂ ಹೋಗಿರಲಿಲ್ಲ.

ಗಣಕದ ಮಿದುಳು ಸಿದ್ಧವಾದಾಗ ಸರ್ಕಾರಕ್ಕೆ ಒಂದು ಕೊರತೆ ಕಂಡಿತು: ಅದು ನೋಡಲು ಏನೂ ಅನ್ನಿಸುತ್ತಿರಲಿಲ್ಲ. ನ್ಯಾಯಕ್ಕೆ ಗಾಂಭೀರ್ಯ ಬೇಡವೇ? ಕೂಡಲೇ ಕವಚ ಸಮಿತಿ ರಚನೆಯಾಯಿತು. ಮಿದುಳಿಗೆ ಒಬ್ಬ ವಿಜ್ಞಾನಿ ಸಾಕಾಗಿದ್ದರು; ಪೆಟ್ಟಿಗೆಗೆ ಒಂದು ಕೋಣೆ ತುಂಬ ಸದಸ್ಯರು ಬೇಕಾದರು. ಸಿಂಹಾಸನದ ಆಕಾರವೋ ಗೋಪುರದ ಆಕಾರವೋ ಎಂಬುದರ ಬಗ್ಗೆ ಒಂದು ಮಳೆಗಾಲ ಕಳೆಯಿತು. ಬಂಗಾರದ ಬಣ್ಣ ಎಷ್ಟು ಗಾಢವಾಗಿರಬೇಕೆಂಬುದರ ಬಗ್ಗೆ ಒಂದು ಬೇಸಿಗೆ. ತಂತಿಗಳು ಒಳಗೆ ಯಾವ ದಾರಿಯಲ್ಲಿ ಹೋಗುತ್ತವೆ ಎಂದು ಕೇಳಿದ ಒಬ್ಬ ಸದಸ್ಯರಿಗೆ, ಅದು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅಧ್ಯಕ್ಷರು ನಯವಾಗಿ ತಿಳಿಸಿದರು. ಕೊನೆಗೆ ಉಕ್ಕಿನ ತಗಡಿನಿಂದ, ಆಳೆತ್ತರದ ಎರಡರಷ್ಟು ಎತ್ತರದ, ಸಿಂಹಾಸನದ ಆಕಾರದ ಕವಚವೊಂದು ಬಂತು. ಮಂತ್ರಿಗಳು ಅದನ್ನು ಉದ್ಘಾಟಿಸಿದರು. ಒಳಗೆ ಮಿದುಳು ಇದೆಯೆಂದು ಭಾಷಣದಲ್ಲಿ ಯಾರೂ ಹೇಳಲಿಲ್ಲ.

ಮೊದಲ ಕೆಲವು ತಿಂಗಳು ಎಲ್ಲವೂ ಚೆನ್ನಾಗಿತ್ತು. ಆಮೇಲೆ ತೀರ್ಪಿನ ನಡುವೆ ಸ್ಮೃತಿಫಲಕಗಳು ಸುಡತೊಡಗಿದವು. ಸ್ಮೃತಿಫಲಕವೆಂದರೆ ಗಣಕ ತಾನು ಕೇಳಿದ್ದನ್ನು ಹಿಡಿದಿಟ್ಟುಕೊಳ್ಳುವ ಬಿಲ್ಲೆ. ಅದು ಸುಟ್ಟರೆ ಒಂದು ವ್ಯಾಜ್ಯದ ಬಾಲ ಇನ್ನೊಂದರ ತಲೆಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಕಾಂಪೌಂಡಿನ ಜಗಳವೊಂದರಲ್ಲಿ, "ಗೋಡೆಯನ್ನು ಅದರ ಅಜ್ಜಿಯ ವಶಕ್ಕೆ ಒಪ್ಪಿಸತಕ್ಕದ್ದು" ಎಂಬ ತೀರ್ಪು ಬಂತು. ಬಂಗಾರದ ದೀಪದ ಕೆಳಗೆ ಬಂದ ಮಾತಲ್ಲವೇ? ಎರಡೂ ಪಕ್ಷದವರು ಗೋಡೆಯ ಅಜ್ಜಿಯನ್ನು ಶ್ರದ್ಧೆಯಿಂದ ಹುಡುಕಿದರು.

ಹಾಳಾದಾಗಲೆಲ್ಲ ನಿರ್ಣಾಯಕ ಸ್ವಪರೀಕ್ಷೆ ಮಾಡಿಕೊಂಡು, "ನನ್ನ ಯಾವ ಭಾಗದಲ್ಲೂ ದೋಷವಿಲ್ಲ. ಅರ್ಜಿದಾರರನ್ನು ಪರೀಕ್ಷಿಸಿ," ಎನ್ನುತ್ತಿತ್ತು. ಅದು ಸುಳ್ಳು ಹೇಳುತ್ತಿರಲಿಲ್ಲ. ತನ್ನ ಭಾಗಗಳನ್ನೆಲ್ಲ ಅದು ಮುಟ್ಟಿ ನೋಡಿಕೊಳ್ಳುತ್ತಿತ್ತು. ಆದರೆ ಕವಚ ಅದರ ಭಾಗವಾಗಿರಲಿಲ್ಲ. ಸರ್ಕಾರದ ದೃಷ್ಟಿಯಲ್ಲಿ ಕವಚ ಪೀಠೋಪಕರಣ, ಮೇಜು ಕುರ್ಚಿಗಳ ಜಾತಿಯದು. ಮೇಜು ಗಣಕವನ್ನು ಸುಟ್ಟೀತೆಂದು ಯಾರು ಅನುಮಾನಿಸುತ್ತಾರೆ?

ಗಂಗವ್ವನ ವ್ಯಾಜ್ಯ ಕೆಟ್ಟ ಮಧ್ಯಾಹ್ನ ಆಯುಕ್ತ ನಿಜಗುಣಯ್ಯ ವಿಶಾಲಾಕ್ಷಿಯವರನ್ನು ಕರೆಸಿದರು.

"ಮೇಡಂ, ಸ್ಮೃತಿಫಲಕ ಬದಲಾಯಿಸಿದಿರಿ. ಮುಖ್ಯಫಲಕ ಬದಲಾಯಿಸಿದಿರಿ. ವಿದ್ಯುತ್ ಪೆಟ್ಟಿಗೆಯನ್ನೂ ಬದಲಾಯಿಸಿದಿರಿ. ಇನ್ನೇನು ಉಳೀತು? ನಿಮ್ಮ ತರ್ಕವೇ ತಪ್ಪಿರಬೇಕು ಅಂತ ರಾಜಧಾನಿಯ ತಜ್ಞರು ಹೇಳ್ತಿದ್ದಾರೆ. ಈ ತಿಂಗಳು ಸರಿಹೋಗದಿದ್ದರೆ ಮಿದುಳು ಗುಜರಿಗೆ."

"ಮತ್ತ ಕವಚ?"

"ಕವಚ ಇರುತ್ತೆ. ಮಂತ್ರಿಗಳು ಉದ್ಘಾಟಿಸಿದ್ದು ಅದನ್ನಲ್ಲವೇ?"

ವಿಶಾಲಾಕ್ಷಿ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತರು. ಅವಮಾನದಿಂದ ಕಿವಿ ಬಿಸಿಯಾಗಿತ್ತು. ಆದರೆ ಆಯುಕ್ತರು ಕೊಟ್ಟ ಪಟ್ಟಿ ತಲೆಯಲ್ಲಿ ತಿರುಗುತ್ತಲೇ ಇತ್ತು. ಒಳಗಿನದೆಲ್ಲ ಹೊಸದು, ರೋಗ ಮಾತ್ರ ಹಳೆಯದು. ಹಾಗಾದರೆ ಬದಲಾಗದೆ ಉಳಿದದ್ದು ಯಾವುದು?

ಅವರು ಓಡಿದಂತೆಯೇ ಒಳಗೆ ಹೋದರು. ಕವಚದ ಹಿಂಬಾಗಿಲು ತೆಗೆದು, ಟಾರ್ಚು ಹಿಡಿದು, ಸೆರಗು ಸಿಕ್ಕಿಸಿಕೊಂಡು ಸಿಂಹಾಸನದ ಹೊಟ್ಟೆಯೊಳಗೆ ತೂರಿಕೊಂಡರು. ಹೊರಗಿದ್ದ ಗುಮಾಸ್ತನಿಗೆ ಯಾವುದಾದರೂ ಹಳೆಯ ವ್ಯಾಜ್ಯವನ್ನು ಓದಿ ಹೇಳಲು ಕೂಗಿದರು. ನಿರ್ಣಾಯಕ ಯೋಚಿಸತೊಡಗಿದಾಗ ಒಳಗಿನ ಪಂಖ ಜೋರಾಗಿ ತಿರುಗಿ ತಗಡೆಲ್ಲ ನಡುಗಿತು. ಹಳದಿ ಬಂತು. ಕೇಸರಿ ಬಂತು. ಬಂಗಾರ ಹೊತ್ತಿದ ಕ್ಷಣದಲ್ಲಿ ಅವರ ಮೂಗಿನ ಮುಂದೆಯೇ, ಮುಂಬದಿಯ ತಗಡಿನ ರಂಧ್ರದ ಅಂಚಿನಲ್ಲಿ, ನೀಲಿ ಕಿಡಿಯೊಂದು ಹಾರಿತು.

ಸಂಗತಿ ಸರಳವಾಗಿತ್ತು. ದೀಪಗಳಿಗೆ ಹೋಗುವ ದಪ್ಪ ತಂತಿಯನ್ನೂ ಸ್ಮೃತಿಫಲಕಕ್ಕೆ ಸಂಕೇತ ಒಯ್ಯುವ ಕೂದಲೆಳೆಯ ತಂತಿಗಳನ್ನೂ ಒಂದೇ ಕಟ್ಟಾಗಿ ಬಿಗಿದು, ಉಜ್ಜಿ ನಯಮಾಡದ ರಂಧ್ರದಲ್ಲಿ ತೂರಿಸಿದ್ದರು. ರಂಧ್ರಕ್ಕೆ ಒಂದು ರಬ್ಬರಿನ ಬಳೆಯನ್ನೂ ತೊಡಿಸಿರಲಿಲ್ಲ. ಪಂಖದ ನಡುಕಕ್ಕೆ ತಗಡಿನ ಅಂಚು ಗರಗಸವಾಗಿ ತಂತಿಗಳ ಹೊದಿಕೆಯನ್ನು ಸವೆಸಿತ್ತು. ವಿದ್ಯುತ್ತು ಸೋಮಾರಿ, ಹತ್ತಿರದ ದಾರಿ ಸಿಕ್ಕರೆ ಅದನ್ನೇ ಹಿಡಿಯುತ್ತದೆ. ಶಾರ್ಟ್ ಸರ್ಕ್ಯೂಟ್ ಎಂದರೆ ಅಷ್ಟೇ. ಬಂಗಾರದ ದೀಪಕ್ಕೆಂದು ಹೊರಟ ಬಲವಾದ ವಿದ್ಯುತ್ತು ಬೆತ್ತಲೆ ತಂತಿಯಿಂದ ಬೆತ್ತಲೆ ತಂತಿಗೆ ಹಾರಿ ನೇರವಾಗಿ ಸ್ಮೃತಿಫಲಕವನ್ನು ಹೊಕ್ಕು ಸುಡುತ್ತಿತ್ತು. ನ್ಯಾಯದ ಗಾಂಭೀರ್ಯವೇ ನ್ಯಾಯದ ನೆನಪನ್ನು ಸುಟ್ಟುಹಾಕುತ್ತಿತ್ತು.

ಮೈತುಂಬ ಧೂಳಾಗಿ ಹೊರಬಂದ ವಿಶಾಲಾಕ್ಷಿ ಮಗುವಿನಂತೆ ನಕ್ಕರು. ಆಯುಕ್ತರು ನಗಲಿಲ್ಲ.

"ಉದ್ಘಾಟನೆಯಾದ ಕವಚಕ್ಕೆ ಉಳಿ ಹಚ್ಚೋಕೆ ಸಮಿತಿ ಮತ್ತೆ ಸೇರಬೇಕು, ಮೇಡಂ. ಅಧ್ಯಕ್ಷರು ವಿದೇಶದಲ್ಲಿದ್ದಾರೆ, ಗಾಂಭೀರ್ಯದ ಅಧ್ಯಯನಕ್ಕೆ."

"ಕವಚ ಮುಟ್ಟೂದಿಲ್ರೀ. ಅವರು ಬರೂತನಕ ಮಿದುಳು ಹೊರಗ ತಗೀತೀನಿ. ಜನರ ಅಂಗಡಿ ಮುಚ್ಯಾವ."

ಪೀಠೋಪಕರಣ ಮುಟ್ಟದಿದ್ದರೆ ಆಯುಕ್ತರ ಅಭ್ಯಂತರವೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಗಂಗವ್ವ, ಇಮಾಮಸಾಬ ಇಬ್ಬರನ್ನೂ ಮತ್ತೆ ಕರೆಸಲಾಯಿತು. ಅವರು ಎಂದಿನಂತೆ ಚಪ್ಪಲಿ ಬಿಟ್ಟು ಬಂದು ಸಿಂಹಾಸನದ ಎದುರು ನಿಂತರು. "ಅಲ್ಲಲ್ರೀ, ಈ ಕಡೆ," ಎಂದು ವಿಶಾಲಾಕ್ಷಿ ಮೂಲೆಯ ಬೆಂಚನ್ನು ತೋರಿಸಿದರು. ಅಲ್ಲಿ ಹಸಿರು ಫಲಕಗಳು, ಒಂದಿಷ್ಟು ತಂತಿ, ಅಂಗೈಯಗಲದ ಪಂಖ, ಒಂದು ಸಣ್ಣ ಸ್ಪೀಕರು. ರಿಪೇರಿಗೆ ಕೊಟ್ಟು ಮರೆತ ರೇಡಿಯೊದಂತಿತ್ತು.

"ಇದು ಏನ್ರೀ?" ಎಂದಳು ಗಂಗವ್ವ.

"ಇದಽ ನಿರ್ಣಾಯಕ."

ಗಂಗವ್ವ ಬಗ್ಗಿ ಒಂದು ಸುತ್ತು ನೋಡಿದಳು. "ಇದಕ್ಕ ಕೈಮುಗಿದು ನಿಂತಿದ್ನೇನ್ರೀ ನಾ ಇಷ್ಟ್ ದಿನ?"

ಒಂದು ಸ್ಮೃತಿಫಲಕವೂ ಸುಡಲಿಲ್ಲ. ನಿರ್ಣಾಯಕ ಸ್ಪಷ್ಟವಾಗಿ, ನಿಖರವಾಗಿ ಹೇಳಿತು: "ಭಜಿ ಅಂಗಡಿಯನ್ನು ರಸ್ತೆಯ ಆಚೆ ಬದಿಗೆ ಸ್ಥಳಾಂತರಿಸತಕ್ಕದ್ದು." ತಮ್ಮ ಸೃಷ್ಟಿ ಎಷ್ಟೋ ದಿನಗಳ ಮೇಲೆ ತಡೆಯಿಲ್ಲದೆ ಮಾತಾಡಿದ್ದನ್ನು ಕೇಳಿ ವಿಶಾಲಾಕ್ಷಿಯವರ ಕಣ್ಣು ತುಂಬಿಬಂತು.

"ನೀ ಸುಮ್ನಿರಪಾ," ಎಂದಳು ಗಂಗವ್ವ ಆ ತಂತಿಗಳಿಗೆ. "ಆಚೆ ಕಡೆ ಬಿಸಲು. ಅಲ್ಲಿ ಯಾರ್ ಬರ್ತಾರ ನನ್ನ ಹತ್ರ?"

ಇಮಾಮಸಾಬನಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕದ್ದು ನೋಡಿ ಅವಳಿಗೂ ನಗು ಬಂತು. ವ್ಯಾಜ್ಯ ಹೂಡಿದ ಮೇಲೆ ಇಬ್ಬರೂ ಮುಖ ನೋಡಿಕೊಂಡದ್ದು ಅದೇ ಮೊದಲು.

"ಅಲ್ಲವ್ವಾ, ನೀ ಬಾಣಲಿ ಇಡೋದು ಸಂಜೀಕ ಅಲ್ಲೇನು?" ಎಂದ ಅವನು.

"ಹೌದು. ಮುಂಜಾನೆ ಮಿರ್ಚಿ ತಿನ್ನಾವ್ರು ಯಾರು?"

"ಮತ್ತ ನಾ ಮುಂಜಾನೆ ಹಿಂಜಿ ಮುಗಿಸ್ತೀನಿ. ಸಂಜೀಕ ಹೊಲಿಗಿ ಅಷ್ಟ."

"ಹತ್ತಿ ಮ್ಯಾಲೆ ಚಾದರ ಹೊಚ್ಚತೀಯೇನು?"

"ಹೊಚ್ಚತೀನಿ. ನೀ ನನಗ ಎರಡು ಭಜಿ ಕೊಡಾಕಿ ಏನು?"

"ನೀ ಎಣ್ಣಿ ತಂದು ಕೊಡು, ಕೊಡ್ತೀನಿ," ಎಂದು ಅವಳು ನಗುತ್ತಲೇ ಹೊರಟಳು. ಚಪ್ಪಲಿ ಮೆಟ್ಟಿಕೊಂಡು ಇಬ್ಬರೂ ಬೀದಿಯವರೆಗೂ ವಾದ ಮಾಡುತ್ತಲೇ ಹೋದರು. ವೇಳೆಯ ಹಂಚಿಕೆ ಎಂಬ ದಾರಿ ನಿರ್ಣಾಯಕನಿಗೆ ಹೊಳೆಯದೇ ಇದ್ದದ್ದಕ್ಕೆ ಕಾರಣವಿತ್ತು: ಯಾವ ಹೊತ್ತಿಗೆ ಒಲೆ ಹೊತ್ತಿಸುತ್ತೇನೆಂದು ಅದರೆದುರು ಕೈಮುಗಿದು ನಿಂತವಳು ಹೇಳಿರಲೇ ಇಲ್ಲ. ದೇವರ ಎದುರು ಅಂಥದ್ದನ್ನೆಲ್ಲ ಯಾರು ಹೇಳುತ್ತಾರೆ?

ಸುದ್ದಿ ಹಬ್ಬಿತು. ನಿರ್ಣಾಯಕನನ್ನು ನೋಡಲು ಜನ ಬಂದರು, ನೋಡಿದರು, ನಕ್ಕರು. ತೀರ್ಪುಗಳು ಹಿಂದೆಂದಿಗಿಂತ ಸರಿಯಾಗಿದ್ದವು. ಒಂದನ್ನೂ ಯಾರೂ ಪಾಲಿಸಲಿಲ್ಲ. ಗೋಡೆಯ ಅಜ್ಜಿಯನ್ನು ಹುಡುಕಿದ್ದ ಅದೇ ಜನ ಈಗ ಪ್ರತಿ ವಾಕ್ಯಕ್ಕೂ "ಯಾಕ?" ಎಂದು ಕೇಳತೊಡಗಿದರು. ನಿಜಗುಣಯ್ಯ ತಲೆಯ ಮೇಲೆ ಕೈಹೊತ್ತು, ಕನಿಷ್ಠ ಒಂದು ಬಂಗಾರದ ದೀಪವನ್ನಾದರೂ ಬೆಂಚಿಗೆ ಹಚ್ಚಿರೆಂದು ಬೇಡಿಕೊಂಡರು.

ಒಂದು ದಿನ ಮುದುಕರೊಬ್ಬರೂ ಅವರ ಕೆಳಮನೆಯ ಸಂಗೀತದ ಮೇಷ್ಟ್ರೂ ಬಂದರು. ಬೆಳಗಾಗುವ ಮೊದಲೇ ಹಾರ್ಮೋನಿಯಂ ಶುರುವಾಗುತ್ತದೆ, ನಿದ್ದೆಯಿಲ್ಲ ಎಂಬುದು ಮುದುಕರ ದೂರು. ನಿರ್ಣಾಯಕ ತನ್ನ ತೀರ್ಪು ಹೇಳಿ ಮುಗಿಸಿತು. ಇಬ್ಬರೂ ಸೌಜನ್ಯಕ್ಕೆ ಕೇಳಿಸಿಕೊಂಡರು. ಆಮೇಲೆ ಮುದುಕರು ಪಕ್ಕದಲ್ಲಿ ನಿಂತಿದ್ದ ವಿಶಾಲಾಕ್ಷಿಯವರತ್ತ ತಿರುಗಿದರು.

"ಅದು ಹೇಳಿದ್ದು ಆತ್ರೀ ಬಾಯಾರ. ನೀವೇನಂತೀರಿ?"

ಮನುಷ್ಯರು ಎಂದೂ ಈ ಪ್ರಶ್ನೆಗೆ ಉತ್ತರಿಸಬಾರದೆಂದೇ ವಿಶಾಲಾಕ್ಷಿ ಅಷ್ಟು ವರ್ಷ ದುಡಿದಿದ್ದರು. ಬೆಂಚಿನ ಮೇಲಿನ ಪಂಖ ಮೆಲ್ಲನೆ ತಿರುಗುತ್ತಿತ್ತು. ಅದಕ್ಕೆ ಹೇಳಲು ಇನ್ನೇನೂ ಉಳಿದಿರಲಿಲ್ಲ. ಮುದುಕರ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿರುವುದನ್ನು ಅವರು ಆಗ ಗಮನಿಸಿದರು.

ಅವರು ಕುರ್ಚಿಯೊಂದನ್ನು ಎಳೆದುಕೊಂಡು ಇಬ್ಬರ ನಡುವೆ ಕುಳಿತರು.

"ಮೊದಲಿಂದ ಹೇಳ್ರೀ ಅಜ್ಜಾರ," ಎಂದರು. "ನಿಮಗ ನಿದ್ದಿ ಯಾವಾಗಿಂದ ಬರ್ವಲ್ದು?"